ಸೂಜಿಗಲ್ಲು ಕಟ್ಟುವ ಸೂಕ್ಷ್ಮಜೀವಿಗಳೂ ವಿದ್ಯುತ್ತಿನ ಸಂಗ್ರಹವೂ

ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂಬ ಸೊಗಸಾದ ಹೆಸರುಂಟು. ಸೂಜಿಯನ್ನು ತನ್ನೆಡೆಗೆ ಸೆಳೆಯುವ ಕಲ್ಲು ಸೂಜಿಗಲ್ಲು. ಇದು ಬರಿಯ ಬಣ್ಣನೆಯ ಮಾತಲ್ಲ. ಕಬ್ಬಿಣವೂ ಆಮ್ಲಜನಕವೂ ಕೂಡಿ ಆದ, ಕಪ್ಪು ಬಣ್ಣದ, ತೂಕವಾದ ಒಂದು ಖನಿಜಕ್ಕೆ ಈ ಗುಣ ಸಹಜವಾಗಿಯೇ ಬರುವುದುಂಟು. ಖನಿಜಶಾಸ್ತ್ರದಲ್ಲಿ ಅದಕ್ಕೆ ಮ್ಯಾಗ್ನಟೈಟ್ ಎಂದು ಹೆಸರು. ಬಂಡೆಗಳಲ್ಲಿ ದೊರೆಯುವ ಈ ವಸ್ತುವನ್ನೇ ಕೆರೆಕುಂಟೆಗಳ ಕೆಸರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಮೈಯೊಳಗೆ ಹರಳುಹರಳಾಗಿ ಕಟ್ಟಿಕೊಳ್ಳುತ್ತವೆ. ಆ ಹರಳುಗಳನ್ನು ವಿದ್ಯುಚ್ಛಕ್ತಿಯ ಸಂಗ್ರಹಕ್ಕೆ ಬಳಸಿಕೊಳ್ಳಬಹುದೇ ಎಂಬ ವಿಚಾರ ಈಗ ವಿಜ್ಞಾನಿಗಳಲ್ಲಿ ನಡೆಯುತ್ತಿದೆ.

ಈ ಸಂಗತಿಯನ್ನು ಕೇಳಿದ ಕೂಡಲೇ “ಅಯಸ್ಕಾಂತದಲ್ಲಿ ಶಕ್ತಿ ಅಡಗಿದೆ, ಅದನ್ನು ಹೊರಕ್ಕೆ ತೆಗೆದು ದೀಪ ಉರಿಸುತ್ತಾರೆ” ಎಂದು ವಿದ್ಯಾರ್ಥಿಗಳು ಊಹಿಸುವುದು ಸಹಜ. ದೊಡ್ಡವರಲ್ಲಿಯೂ ಇಂಥ ಭಾವನೆ ಇಲ್ಲದಿಲ್ಲ. ಆದರೆ ಸಂಗತಿ ಹಾಗಿಲ್ಲ. ಈ ಹರಳು ಜೀವಿಯ ಉಪಯೋಗಕ್ಕೆ ಬರುವುದು ತನ್ನ ಕಾಂತಗುಣದಿಂದ. ವಿದ್ಯುತ್ತಿನ ಸಂಗ್ರಹಕ್ಕೆ ಬರುವುದಾದರೆ ತನ್ನಲ್ಲಿರುವ ಕಬ್ಬಿಣದ ರಾಸಾಯನಿಕ ಗುಣದಿಂದ. ಇವೆರಡನ್ನೂ ಬೇರೆ ಬೇರೆಯಾಗಿ ಕಂಡರೆ ವಿಷಯ ತಿಳಿಯಾಗುವುದು. ಒಂದರೊಡನೊಂದನ್ನು ಕಲಸಿದರೆ ತರಗತಿಯಲ್ಲಿ ತಪ್ಪು ಪಾಠವಾಗುವುದು. ಇವನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಸಂಗ್ರಹದ ಅಗತ್ಯವನ್ನು ಕುರಿತು ಒಂದು ಮಾತು. ಆಂಧ್ರಪ್ರದೇಶದ ಮಡಕಶಿರಕ್ಕೆ ನೆರೆಯಾದ ಪಾವಗಡ ತಾಲ್ಲೂಕಿನಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕೇಂದ್ರವಿದೆ. ೨೦೧೮ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು. ನಡುಹಗಲಿನಲ್ಲಿ ಅಲ್ಲಿ ವಿದ್ಯುತ್ತು ಹೇರಳ. ಆದರೆ ಊರಿನ ಮನೆಗಳಲ್ಲಿ ದೀಪ ಬೇಕಾಗುವುದು ಹೊತ್ತು ಮುಳುಗಿದ ಮೇಲೆ. ಹಗಲಿನ ಬೆಳೆಯನ್ನು ಇರುಳಿಗೆ ಕೂಡಿಡಲು ಕಣಜ ಬೇಕು. ಇಂದು ಆ ಕಣಜದ ಕೆಲಸವನ್ನು ಹೆಚ್ಚಾಗಿ ಮಾಡುತ್ತಿರುವ ಲಿಥಿಯಮ್ ಕೋಶಗಳಲ್ಲಿ ಹಲವಕ್ಕೆ ಕೋಬಾಲ್ಟ್ ಬೇಕು. ಪ್ರಪಂಚದ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚಿನದು ಆಫ್ರಿಕದ ಕಾಂಗೋ ದೇಶವೊಂದರಿಂದಲೇ ಬರುತ್ತದೆ. ಕಬ್ಬಿಣವೋ ಎಲ್ಲೆಡೆಯೂ ದೊರೆಯತಕ್ಕದ್ದು. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ನೂರಕ್ಕೆ ಐದು ಪಾಲು ಅದೇ. ಹೀಗಾಗಿ ಕಬ್ಬಿಣದಿಂದ ಒಳ್ಳೆಯ ಸಂಗ್ರಾಹಕವನ್ನು ಮಾಡಲು ಸಾಧ್ಯವೇ, ಅದನ್ನು ಹೆಚ್ಚು ಹೊಗೆ ಬೆಂಕಿಗಳಿಲ್ಲದೆ ಜೀವಿಗಳಿಂದಲೇ ಮಾಡಿಸಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಗಳು ಹುಟ್ಟಿವೆ.

ಇನ್ನು ಆ ಜೀವಿಗಳ ಕಥೆ. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಸಾಲ್ವತೋರೆ ಬೆಲ್ಲಿನಿ ಎಂಬವರು ನೀರಿನ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ಉತ್ತರ ದಿಕ್ಕಿಗೇ ಈಜುವುದನ್ನು ಕಂಡರು. ಅವುಗಳ ಮೈಯೊಳಗೆ ದಿಕ್ಸೂಚಿಯಂಥದು ಏನೋ ಇರಬೇಕೆಂದು ೧೯೬೩ರಲ್ಲಿ ಬರೆದಿಟ್ಟರು. ಇಟಾಲಿಯನ್ ಭಾಷೆಯಲ್ಲಿದ್ದ ಆ ಬರಹ ಹೊರಗಿನವರ ಕಣ್ಣಿಗೆ ಬಹುಕಾಲ ಬೀಳಲಿಲ್ಲ; ಅದರ ಇಂಗ್ಲಿಷ್ ಅನುವಾದ ಅಚ್ಚಾದುದು ೨೦೦೯ರಲ್ಲಿ. ಅಷ್ಟರೊಳಗೆ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಎಂಬ ತರುಣ ಸಂಶೋಧಕರು ಮ್ಯಾಸಚೂಸೆಟ್ಸ್ ರಾಜ್ಯದ ವುಡ್ಸ್ ಹೋಲ್ ಬಳಿಯ ಜವುಗುನೆಲದ ಕೆಸರಿನಲ್ಲಿ ಇದೇ ಬಗೆಯ ಜೀವಿಗಳನ್ನು ಸ್ವತಂತ್ರವಾಗಿ ಕಂಡು, ೧೯೭೫ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಒಬ್ಬರ ಭಾಷೆಯಲ್ಲಿ ಉಳಿದುಹೋದ ಅರಿವು ಇನ್ನೊಬ್ಬರನ್ನು ಮುಟ್ಟಲು ಎಷ್ಟು ಕಾಲ ಬೇಕಾಯಿತೆಂಬುದು ಗಡಿನಾಡಿನ ಶಿಕ್ಷಕರಾದ ನಾವು ಯೋಚಿಸತಕ್ಕ ವಿಷಯವೇ ಸರಿ.

ಬ್ಲೇಕ್‌ಮೋರ್ ಅವರು ಪರೀಕ್ಷಿಸಿದ ರೀತಿ ನಮ್ಮ ವಿದ್ಯಾರ್ಥಿಗಳಿಗೆ ಹೇಳತಕ್ಕಂಥದು. ಹನಿಯ ಒಂದೇ ಅಂಚಿಗೆ ಜೀವಿಗಳೆಲ್ಲ ಓಡುವುದನ್ನು ಕಂಡಾಗ, ಬೆಳಕಿನ ಕಡೆಗೆ ಓಡುತ್ತಿರಬಹುದು ಎಂಬುದು ಮೊದಲು ಬಂದ ಊಹೆ. ಬೆಳಕನ್ನು ಮರೆಮಾಡಿದರೂ, ಉಪಕರಣವನ್ನು ಬೇರೆಡೆಗೆ ಒಯ್ದರೂ ದಿಕ್ಕು ಬದಲಾಗಲಿಲ್ಲ. ಕೊನೆಗೆ ಹತ್ತಿರಕ್ಕೆ ಒಂದು ಅಯಸ್ಕಾಂತವನ್ನು ತಂದೊಡನೆ ಜೀವಿಗಳೆಲ್ಲ ಒಟ್ಟಿಗೆ ತಿರುಗಿದವು. ಒಂದು ಕಾರಣವನ್ನು ಊಹಿಸುವುದು, ಅದನ್ನು ತೆಗೆದು ನೋಡುವುದು, ಉಳಿದುದನ್ನು ಪರೀಕ್ಷಿಸುವುದು ಎಂಬ ವಿಜ್ಞಾನದ ಕ್ರಮ ಇದರಲ್ಲಿ ಪೂರ್ಣವಾಗಿ ಕಾಣುತ್ತದೆ. ಆ ದಿಕ್ಸೂಚಿ ಮ್ಯಾಗ್ನಟೈಟಿನ ಹರಳೇ ಎಂಬುದನ್ನು ೧೯೭೯ರಲ್ಲಿ ರಿಚರ್ಡ್ ಫ್ರಾಂಕೆಲ್, ಬ್ಲೇಕ್‌ಮೋರ್ ಮತ್ತು ವೂಲ್ಫ್ ಅವರು ತೋರಿಸಿಕೊಟ್ಟರು.

ಈ ಹರಳುಗಳ ಅಳತೆ ಸಾಮಾನ್ಯವಾಗಿ ೩೫ರಿಂದ ೧೨೦ ನ್ಯಾನೋಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ಈ ಅಳತೆ ಆಕಸ್ಮಿಕವಲ್ಲ. ಹರಳು ಇದಕ್ಕಿಂತ ಬಹಳ ಚಿಕ್ಕದಾದರೆ ಸುತ್ತಲಿನ ಬಿಸಿಯ ಕಂಪನವೇ ಅದರ ಕಾಂತದ ದಿಕ್ಕನ್ನು ಅಲುಗಿಸಿಬಿಡುತ್ತದೆ. ಬಹಳ ದೊಡ್ಡದಾದರೆ ಒಳಗೆ ಹಲವು ಕಾಂತವಲಯಗಳಾಗಿ ಒಂದರ ಬಲವನ್ನು ಇನ್ನೊಂದು ಕುಂದಿಸುತ್ತದೆ. ನಡುವಿನ ಗಾತ್ರದಲ್ಲಿ ಮಾತ್ರ ಹರಳೆಲ್ಲ ಒಂದೇ ಅಯಸ್ಕಾಂತವಾಗಿ ನಿಲ್ಲುತ್ತದೆ. ಜೀವಿಯು ತನ್ನ ಒಳಪೊರೆಯನ್ನು ಸಣ್ಣ ಚೀಲದಂತೆ ಮಡಿಸಿ, ಅದರೊಳಕ್ಕೆ ಕಬ್ಬಿಣವನ್ನು ತುಂಬಿ, ಅಲ್ಲಿಯೇ ಹರಳನ್ನು ಬೆಳೆಸುತ್ತದೆ. ಪೊರೆಯಿಂದ ಸುತ್ತಿದ ಈ ಹರಳಿಗೆ ಮ್ಯಾಗ್ನಟೋಸೋಮ್ ಎನ್ನುವರು. ಇಂಥವು ಪ್ರೋಟೀನಿನ ನೂಲೊಂದರ ಆಸರೆಯಲ್ಲಿ ಮಣಿಸರದಂತೆ ಸಾಲಾಗಿ ನಿಂತು, ಎಲ್ಲವೂ ಸೇರಿ ಒಂದು ದಿಕ್ಸೂಚಿಯ ಕೆಲಸ ಮಾಡುತ್ತವೆ. ಕೆಲವು ಜಾತಿಗಳಲ್ಲಿ ಆಮ್ಲಜನಕಕ್ಕೆ ಬದಲು ಗಂಧಕವು ಕೂಡಿದ ಗ್ರೈಗೈಟ್ ಎಂಬ ಹರಳು ಇರುವುದೂ ಉಂಟು.

ಭೂಕಾಂತವು ಈ ಜೀವಿಯನ್ನು ಎಳೆದೊಯ್ಯುವುದಿಲ್ಲ. ಕೇವಲ ಅದರ ಮುಖವನ್ನು ತಿರುಗಿಸುತ್ತದೆ. ಸತ್ತ ಬ್ಯಾಕ್ಟೀರಿಯಾ ಸಹ ಸೂಜಿಯಂತೆ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ, ಆದರೆ ಮುಂದಕ್ಕೆ ಹೋಗುವುದಿಲ್ಲ. ಈಜುವ ಶ್ರಮ ಜೀವಿಯದೇ. ಉತ್ತರಾರ್ಧಗೋಳದಲ್ಲಿ ಭೂಕಾಂತದ ರೇಖೆಗಳು ಉತ್ತರಕ್ಕೆ ಹೋಗುತ್ತ ನೆಲದತ್ತ ಓರೆಯಾಗಿ ಇಳಿಯುತ್ತವೆ. ಆದುದರಿಂದ ಉತ್ತರದ ಕಡೆಗೆ ಈಜುವುದೆಂದರೆ ಕೆಳಗಿನ ಕೆಸರಿಗೆ, ಅಂದರೆ ಆಮ್ಲಜನಕ ಕಡಿಮೆಯಾಗಿ ತನಗೆ ಹಿತವಾದ ತಾಣಕ್ಕೆ ಇಳಿಯುವುದೆಂದೇ ಅರ್ಥ. ದಕ್ಷಿಣಾರ್ಧಗೋಳದ ನ್ಯೂಜಿಲೆಂಡಿನಲ್ಲಿಯೂ ಟಾಸ್ಮೇನಿಯಾದಲ್ಲಿಯೂ ನೋಡಿದಾಗ ಅಲ್ಲಿಯ ಜೀವಿಗಳು ದಕ್ಷಿಣಕ್ಕೆ ಈಜುವುದು ೧೯೮೦ರಲ್ಲಿ ಪ್ರಕಟವಾಯಿತು. ಜೀವಿಗೆ ಸೂಜಿಗಲ್ಲಿನ ಉಪಯೋಗ ಇಷ್ಟೇ: ದಾರಿ ತೋರಿಸುವುದು.

ಹಾಗಾದರೆ ಅಯಸ್ಕಾಂತದಲ್ಲಿ ತೆಗೆದು ಬಳಸುವ ಶಕ್ತಿಯ ಭಂಡಾರವಿಲ್ಲವೇ? ಒಂದು ಮೊಳೆಯನ್ನು ಅಯಸ್ಕಾಂತವು ಸೆಳೆದುಕೊಂಡಾಗ ಸ್ವಲ್ಪ ಕೆಲಸ ನಡೆಯಿತೆಂಬುದು ನಿಜ. ಆದರೆ ಇನ್ನೊಮ್ಮೆ ಅದೇ ಕೆಲಸ ನಡೆಯಬೇಕಾದರೆ ಮೊಳೆಯನ್ನು ನಮ್ಮ ಕೈಯಿಂದ ಕಿತ್ತು ದೂರವಿಡಬೇಕು. ಕೊಟ್ಟುದನ್ನೆಲ್ಲ ನಾವೇ ಹಿಂದಿರುಗಿಸಿದಂತಾಯಿತು. ಬಾವಿಯೊಳಗೆ ಬಿದ್ದ ಕೊಡವನ್ನು ಮೇಲೆತ್ತಿದ ಹೊರತು ಅದು ಮತ್ತೆ ಬೀಳದು. ದಕ್ಷಿಣ ಆಫ್ರಿಕದ ಪ್ರಿಟೋರಿಯಾದ ಸಂಶೋಧಕರು ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಮ್ಯಾಗ್ನಟೋಸೋಮುಗಳನ್ನು ತಂತಿಯ ಸುರುಳಿಯ ಮೂಲಕ ಹರಿಸಿ, ಅದರಲ್ಲಿ ವೋಲ್ಟೇಜು ಹುಟ್ಟುವುದನ್ನು ೨೦೧೮ರಲ್ಲಿ ತೋರಿಸಿದರು. ಇದು ಫ್ಯಾರಡೆಯ ನಿಯಮದ ಅಂದವಾದ ನಿದರ್ಶನ. ಆದರೆ ಅಲ್ಲಿಯೂ ಶಕ್ತಿ ಬಂದುದು ದ್ರವವನ್ನು ಹರಿಸಿದ ಬಲದಿಂದ. ಕಣಗಳು ಅದನ್ನು ವಿದ್ಯುತ್ತಾಗಿ ಮಾರ್ಪಡಿಸಲು ನೆರವಾದವು, ಅಷ್ಟೇ. ಇದು ಉತ್ಪಾದನೆಯ ಮಾತು, ಸಂಗ್ರಹದ ಮಾತಲ್ಲ.

ಸಂಗ್ರಹದ ಗುಟ್ಟು ಬೇರೆ ಕಡೆ ಇದೆ. ಮ್ಯಾಗ್ನಟೈಟಿನ ಪ್ರತಿ ಮೂರು ಕಬ್ಬಿಣದ ಪರಮಾಣುಗಳಲ್ಲಿ ಒಂದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸ್ಥಿತಿಯಲ್ಲಿಯೂ, ಎರಡು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸ್ಥಿತಿಯಲ್ಲಿಯೂ ಇರುತ್ತವೆ. ಮೊದಲನೆಯದು ಇನ್ನೊಂದು ಎಲೆಕ್ಟ್ರಾನನ್ನು ಕೊಡಬಲ್ಲುದು; ಇದು ಉತ್ಕರ್ಷಣ. ಉಳಿದವು ಒಂದೊಂದನ್ನು ತೆಗೆದುಕೊಳ್ಳಬಲ್ಲವು, ಇದು ಅಪಕರ್ಷಣ. ಕೊಡುವವನೂ ಕೊಳ್ಳುವವನೂ ಒಂದೇ ಮನೆಯಲ್ಲಿದ್ದಂತಾಯಿತು. ವಿದ್ಯುತ್ಕೋಶವೆಂದರೆ ಎಲೆಕ್ಟ್ರಾನುಗಳ ಕೊಡುಕೊಳೆಯೇ ಅಲ್ಲವೆ? ಈ ಗುಣಕ್ಕೂ ಸೂಜಿಯನ್ನು ಸೆಳೆಯುವ ಗುಣಕ್ಕೂ ಪಾಠ ಹೇಳುವಾಗ ಗಂಟುಹಾಕಬಾರದು.

ನಿಸರ್ಗವೇ ಈ ಬಗೆಯ ಸಂಗ್ರಹವನ್ನು ಬಳಸಿಕೊಳ್ಳಬಲ್ಲುದೆಂಬುದಕ್ಕೆ ಒಂದು ಉತ್ತಮ ಪ್ರಯೋಗವಿದೆ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಜೇಮ್ಸ್ ಬರ್ನ್, ಆಂಡ್ರಿಯಾಸ್ ಕಾಪ್ಲರ್ ಮತ್ತು ಅವರ ಸಂಗಡಿಗರು ಅದನ್ನು ೨೦೧೫ರಲ್ಲಿ ಪ್ರಕಟಿಸಿದರು. ಅವರು ನ್ಯಾನೋ ಗಾತ್ರದ ಮ್ಯಾಗ್ನಟೈಟ್ ಕಣಗಳೊಡನೆ ಎರಡು ಜಾತಿಯ ಬ್ಯಾಕ್ಟೀರಿಯಾಗಳನ್ನು ಇರಿಸಿದರು. ಬೆಳಕಿರುವಾಗ ರೋಡೋಸ್ಯೂಡೋಮೊನಾಸ್ ಎಂಬ ಜಾತಿಯು ಕಣಗಳಿಂದ ಎಲೆಕ್ಟ್ರಾನುಗಳನ್ನು ತೆಗೆದುಕೊಂಡಿತು. ಕತ್ತಲಲ್ಲಿ ಜಿಯೋಬ್ಯಾಕ್ಟರ್ ಎಂಬ ಜಾತಿಯು ಅದೇ ಕಣಗಳಿಗೆ ಎಲೆಕ್ಟ್ರಾನುಗಳನ್ನು ಮರಳಿ ತುಂಬಿತು. ಹಗಲಿರುಳಿನ ಈ ಸರದಿಯಲ್ಲಿ ಮ್ಯಾಗ್ನಟೈಟು ಒಂದು ಬ್ಯಾಟರಿಯಂತೆ ನಡೆದುಕೊಂಡಿತು. ಇಲ್ಲಿ ದುಡಿದವು ದಿಕ್ಸೂಚಿ ಹೊತ್ತ ಜೀವಿಗಳಲ್ಲ ಎಂಬುದನ್ನು ಗಮನಿಸಬೇಕು. ಬೆಳಕಿನ ಜೀವಿಗೂ ಕತ್ತಲಿನ ಜೀವಿಗೂ ಬೇಕಾದುದು ಕಣದ ಕಬ್ಬಿಣ, ಅದರ ಕಾಂತವಲ್ಲ.

ಮನುಷ್ಯನು ಮಾಡುವ ಲಿಥಿಯಮ್ ಕೋಶದಲ್ಲಿ ಈ ವಸ್ತುವಿನ ಸ್ಥಾನವೇನೆಂಬುದನ್ನು ಇನ್ನು ನೋಡೋಣ. ೧೯೯೧ರಲ್ಲಿ ಇಂಥ ಕೋಶಗಳು ಮಾರುಕಟ್ಟೆಗೆ ಬಂದಂದಿನಿಂದ ಋಣಾಗ್ರದಲ್ಲಿ ಇಂಗಾಲವನ್ನು, ಈಗ ಬಹುಮಟ್ಟಿಗೆ ಗ್ರಾಫೈಟನ್ನು ಬಳಸುತ್ತಾರೆ. ಗ್ರಾಫೈಟಿನ ಆರು ಇಂಗಾಲ ಪರಮಾಣುಗಳಿಗೆ ಒಂದು ಲಿಥಿಯಮ್ ಸೇರಬಲ್ಲುದು. ಮ್ಯಾಗ್ನಟೈಟಿನಲ್ಲಾದರೆ ಮೂರು ಕಬ್ಬಿಣ, ನಾಲ್ಕು ಆಮ್ಲಜನಕಗಳಿರುವ ಒಂದು ಘಟಕವು ಎಂಟು ಲಿಥಿಯಮ್ ಅಯಾನುಗಳನ್ನೂ ಎಂಟು ಎಲೆಕ್ಟ್ರಾನುಗಳನ್ನೂ ತೆಗೆದುಕೊಳ್ಳುತ್ತದೆ. ಇದರ ಲೆಕ್ಕ ಪ್ರೌಢಶಾಲೆಯ ಮೇಲ್ತರಗತಿಯವರಿಗೂ ಎಟಕುವಂಥದು. ಒಂದು ಮೋಲ್ ಎಲೆಕ್ಟ್ರಾನುಗಳ ವಿದ್ಯುದಂಶ ಸುಮಾರು ೨೬,೮೦೦ ಮಿಲಿಆಂಪಿಯರ್-ಗಂಟೆ. ಅದನ್ನು ೮ರಿಂದ ಗುಣಿಸಿ, ಮ್ಯಾಗ್ನಟೈಟಿನ ಅಣುತೂಕವಾದ ೨೩೧.೫ರಿಂದ ಭಾಗಿಸಿದರೆ ಗ್ರಾಮಿಗೆ ೯೨೬ ಬರುತ್ತದೆ. ಗ್ರಾಫೈಟಿಗೆ ೨೬,೮೦೦ನ್ನು ೭೨ರಿಂದ ಭಾಗಿಸಿದರೆ ೩೭೨. ತೂಕಕ್ಕೆ ತೂಕ ನೋಡಿದರೆ ಕಾಗದದ ಮೇಲೆ ಮ್ಯಾಗ್ನಟೈಟಿನ ಧಾರಣಶಕ್ತಿ ಎರಡೂವರೆ ಪಾಲು ಹೆಚ್ಚು.

ಕಾಗದದ ಮೇಲಿನ ಲೆಕ್ಕವು ಕೋಶದೊಳಗೆ ಹಾಗೆಯೇ ನಿಲ್ಲುವುದಿಲ್ಲ. ಎಂಟು ಲಿಥಿಯಮ್ ಸೇರಿದಾಗ ಮ್ಯಾಗ್ನಟೈಟು ಮ್ಯಾಗ್ನಟೈಟಾಗಿ ಉಳಿಯುವುದೇ ಇಲ್ಲ. ಅದು ಒಡೆದು, ಲಿಥಿಯಮ್ ಆಕ್ಸೈಡಿನ ನಡುವೆ ಹುದುಗಿದ ಅತಿ ಸಣ್ಣ ಕಬ್ಬಿಣದ ಕಣಗಳಾಗುತ್ತದೆ. ಇಂಥ ಪರಿವರ್ತನೆ ಹಿಂದುಮುಂದಾಗಿ ನಡೆಯಬಲ್ಲುದೆಂದು ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡುಗಳಲ್ಲಿ ೨೦೦೦ದಲ್ಲಿ ಫ್ರಾನ್ಸಿನ ಪ್ವಾಜೋ, ತರಾಸ್ಕೋನ್ ಮತ್ತು ಸಂಗಡಿಗರು ತೋರಿಸಿದ್ದರು. ಆದರೆ ಪ್ರತಿ ಸಲವೂ ವಸ್ತು ಹಿಗ್ಗಿ ಕುಗ್ಗುವುದರಿಂದ ಕಾಲಕ್ರಮದಲ್ಲಿ ಪುಡಿಯಾಗಿ ತಂತಿಯ ಸಂಪರ್ಕ ಕಳೆದುಕೊಳ್ಳುತ್ತದೆ. ತುಂಬುವಾಗಿನ ವೋಲ್ಟೇಜಿಗೂ ಮರಳಿ ಪಡೆಯುವಾಗಿನ ವೋಲ್ಟೇಜಿಗೂ ಅಂತರವಿರುವುದರಿಂದ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಬ್ಯಾಕ್ಟೀರಿಯಾ ಅಷ್ಟು ನಾಜೂಕಾಗಿ ಕಟ್ಟಿದ ಹರಳಿನ ರೂಪವೂ ಮೊದಲನೆಯ ಸರದಿಯಲ್ಲಿಯೇ ಅಳಿಯುತ್ತದೆ ಎಂಬುದನ್ನು ಈ ವಿಷಯದ ಉತ್ಸಾಹಿಗಳು ಮರೆಯಬಾರದು.

ಹಾಗಿದ್ದೂ ಜೀವಿಗಳು ಕಟ್ಟಿದ ಕಣದ ಮೇಲೆ ಆಸೆ ಏಕೆ? ಕಾರಣ ಮೂರು. ಕಣ ಚಿಕ್ಕದಾದಷ್ಟೂ ಹಿಗ್ಗುವಿಕೆಯ ಒತ್ತಡವನ್ನು ಹೆಚ್ಚು ತಾಳಿಕೊಳ್ಳುತ್ತದೆ, ಲಿಥಿಯಮ್ ಸಾಗಬೇಕಾದ ದೂರವೂ ಕಡಿಮೆ. ಬ್ಯಾಕ್ಟೀರಿಯಾ ಎಲ್ಲ ಕಣಗಳನ್ನೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಮಾಡುತ್ತದೆ. ಎರಡನೆಯದಾಗಿ, ಸುತ್ತಲಿನ ಪೊರೆಯು ಕಣಗಳು ಗಂಟುಕಟ್ಟದಂತೆ ತಡೆಯುತ್ತದೆ. ಇಂಗಾಲದ ತೆಳುಹೊದಿಕೆಯಿರುವ ಆಕ್ಸೈಡ್ ಕಣಗಳು ಕೋಶದಲ್ಲಿ ಹೆಚ್ಚು ಬಾಳುವುದು ತಿಳಿದ ವಿಷಯವಾದುದರಿಂದ, ಈ ಪೊರೆಯನ್ನೇ ಕಾಯಿಸಿ ಇಂಗಾಲವಾಗಿಸುವ ಆಲೋಚನೆ ಸಹಜವಾಗಿದೆ. ಮೂರನೆಯದಾಗಿ, ಇದೆಲ್ಲ ಕುಲುಮೆಯ ಕಾವಿಲ್ಲದೆ ನೀರಿನಲ್ಲಿ ನಡೆಯುತ್ತದೆ. ಕಾಂತಗುಣದಿಂದ ಉಪಕಾರವಿಲ್ಲವೆಂದಲ್ಲ: ಜೀವಕೋಶಗಳನ್ನು ಒಡೆದ ಮೇಲೆ ಅಯಸ್ಕಾಂತವನ್ನು ಹಿಡಿದರೆ ಕಣಗಳು ತಾವಾಗಿ ಒಂದೆಡೆ ಕೂಡುತ್ತವೆ. ಆದರೆ ಅದು ಬೆಳೆಯನ್ನು ಒಕ್ಕುವ ಅನುಕೂಲ, ಕಾಳಿನ ಸತ್ತ್ವವಲ್ಲ.

ಕಬ್ಬಿಣದ ಬೇರೊಂದು ಬ್ಯಾಕ್ಟೀರಿಯಾದ ವಿಷಯದಲ್ಲಿ ಈ ಆಸೆ ಸ್ವಲ್ಪ ಕೈಗೂಡಿದೆ. ಕಬ್ಬಿಣ ಹೆಚ್ಚಿರುವ ನೀರಿನ ತೋಡುಗಳಲ್ಲಿಯೂ ಒರತೆಗಳಲ್ಲಿಯೂ ತುಕ್ಕಿನ ಬಣ್ಣದ ಲೋಳೆಯಂಥ ಕೆಸರು ನಿಲ್ಲುವುದನ್ನು ಮುರಕಲ್ಲಿನ ನಾಡಿನವರು ಕಂಡಿರುತ್ತಾರೆ. ಇಂಥ ಕೆಸರನ್ನು ಕಟ್ಟುವ ಜೀವಿಗಳಲ್ಲಿ ಲೆಪ್ಟೋತ್ರಿಕ್ಸ್ ಒಂದು. ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದವರು ಅದರ ಕಬ್ಬಿಣದ ಆಕ್ಸೈಡನ್ನು ಲಿಥಿಯಮ್ ಕೋಶದ ಋಣಾಗ್ರವಾಗಿ ಪರೀಕ್ಷಿಸಿ, ಅದು ಯೋಗ್ಯವಾದ ವಸ್ತುವೆಂದು ೨೦೧೪ರಲ್ಲಿ ಪ್ರಕಟಿಸಿದರು. ಈ ಆಕ್ಸೈಡಿಗೆ ಹರಳಿನ ರೂಪವೂ ಇಲ್ಲ, ಸೂಜಿಗಲ್ಲಿನ ಗುಣವೂ ಇಲ್ಲ. ಸಂಗ್ರಹಕ್ಕೆ ಕಾಂತ ಬೇಡವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಉಳಿದುದು ಪರಿಮಾಣದ ಪ್ರಶ್ನೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್ ಊರಿನ ಬಳಿಯ ನದಿಯಿಂದ ಪಡೆದ ಮ್ಯಾಗ್ನಟೋಸ್ಪಿರಿಲ್ಲಮ್ ಎಂಬ ಜೀವಿಯನ್ನು ತೊಟ್ಟಿಯಲ್ಲಿ ಬೆಳೆಸಿ, ದಿನಕ್ಕೆ ಲೀಟರಿಗೆ ೬.೩ ಮಿಲಿಗ್ರಾಂ ಮ್ಯಾಗ್ನಟೈಟನ್ನು ಪಡೆದುದಾಗಿ ಹೈಯನ್ ಮತ್ತು ಷ್ಯೂಲರ್ ೨೦೦೩ರಲ್ಲಿ ವರದಿ ಮಾಡಿದರು. ೪,೦೦೦ ಮಿಲಿಆಂಪಿಯರ್-ಗಂಟೆಯ ಒಂದು ಮೊಬೈಲ್ ಬ್ಯಾಟರಿಯ ಋಣಾಗ್ರಕ್ಕೆ, ಮೇಲಿನ ಆದರ್ಶ ಲೆಕ್ಕದಂತೆಯೇ, ಸುಮಾರು ೪.೩ ಗ್ರಾಂ ಬೇಕು. ಅಂದರೆ ಒಂದು ದಿನದಲ್ಲಿ ಪಡೆಯಲು ಸುಮಾರು ೬೮೬ ಲೀಟರಿನ ತೊಟ್ಟಿ ಬೇಕಾಗುವುದು. ಆ ಮೇಲೆ ಇಳುವರಿ ಹಲವು ಪಟ್ಟು ಹೆಚ್ಚಿದೆಯಾದರೂ ಲೆಕ್ಕ ಇನ್ನೂ ಮಿಲಿಗ್ರಾಮುಗಳಲ್ಲಿಯೇ ಇದೆ. ಅಲ್ಲದೆ ಈ ಜೀವಿ ಹರಳು ಕಟ್ಟಬೇಕಾದರೆ ಆಮ್ಲಜನಕದ ಒತ್ತಡ ೨೦ ಮಿಲಿಬಾರಿಗಿಂತ ಕೆಳಗಿರಬೇಕು. ಗಾಳಿಯಲ್ಲಿ ಅದು ಸುಮಾರು ೨೧೦. ಅತ್ಯುತ್ತಮ ಇಳುವರಿ ಬಂದುದು ೦.೨೫ ಮಿಲಿಬಾರಿನಲ್ಲಿ. ಅದನ್ನು ಕಾಯ್ದುಕೊಳ್ಳುವ ಯಂತ್ರಕ್ಕೂ, ಜೀವಿಗೆ ಕೊಡುವ ಆಹಾರಕ್ಕೂ ಶಕ್ತಿ ವ್ಯಯವಾಗುತ್ತದೆ. ಆ ವ್ಯಯವನ್ನು ಕಳೆಯದೆ ಇದನ್ನು ಪರಿಸರಕ್ಕೆ ಹಿತವಾದ ದಾರಿಯೆಂದು ಹೊಗಳುವುದು ಸಲ್ಲದು. ಮಿಲಿಗ್ರಾಮುಗಳೇ ಸಾಕಾಗುವ ವೈದ್ಯಕೀಯ ಸಂಶೋಧನೆಯಲ್ಲಿ ಈ ಕಣಗಳಿಗೆ ಬೇಡಿಕೆಯಿರುವುದು ಇದರಿಂದಲೇ. ಜಿಯೋಬ್ಯಾಕ್ಟರಿನಂಥ ಜೀವಿಗಳು ಮೈಯ ಹೊರಗೆಯೇ ಮ್ಯಾಗ್ನಟೈಟನ್ನು ಹೆಚ್ಚು ಮೊತ್ತದಲ್ಲಿ ಉಂಟುಮಾಡುವುದನ್ನು ಅಮೆರಿಕದ ಡೆರೆಕ್ ಲವ್ಲಿ ಮತ್ತು ಸಂಗಡಿಗರು ೧೯೮೭ರಲ್ಲಿಯೇ ತೋರಿಸಿದ್ದಾರೆ. ಕಾಂತವು ಮುಖ್ಯವಲ್ಲದ ಮೇಲೆ, ಸಂಗ್ರಹದ ಕೆಲಸಕ್ಕೆ ಆ ದಾರಿಯೇ ಹೆಚ್ಚು ಅನುಕೂಲವೆಂದು ತೋರುತ್ತದೆ.

ತರಗತಿಯಲ್ಲಿ ಇದನ್ನು ಹೇಗೆ ಬಳಸಬಹುದು? ಕಾಂತದ ಪಾಠವನ್ನೂ ಕೋಶದ ಪಾಠವನ್ನೂ ಎರಡು ಬೇರೆ ದಿನಗಳಲ್ಲಿ ಮಾಡಿ, ಮೂರನೆಯ ದಿನ ಮ್ಯಾಗ್ನಟೈಟನ್ನು ನಿದರ್ಶನವಾಗಿ ಎತ್ತಿಕೊಂಡು “ಇಲ್ಲಿ ಯಾವ ಗುಣ ಕೆಲಸ ಮಾಡುತ್ತಿದೆ?” ಎಂದು ಕೇಳಬಹುದು. ಜೀವಿಯನ್ನು ಕಣ್ಣಾರೆ ತೋರಿಸುವುದೂ ಸಾಧ್ಯ. ಕೆರೆಯ ಕೆಸರನ್ನು ನೀರಿನೊಡನೆ ಗಾಜಿನ ಭರಣಿಯಲ್ಲಿ ತುಂಬಿ ಕೆಲವು ವಾರ ಮಬ್ಬು ಬೆಳಕಿನಲ್ಲಿಡಬೇಕು. ಬಳಿಕ ಕೆಸರಿನ ಮಟ್ಟಕ್ಕಿಂತ ತುಸು ಮೇಲೆ ಭರಣಿಯ ಹೊರಮೈಗೆ ಅಯಸ್ಕಾಂತದ ದಕ್ಷಿಣ ಧ್ರುವವನ್ನು ಒಂದು ಗಂಟೆ ತಾಗಿಸಿಟ್ಟು, ಅಲ್ಲಿಂದ ಹನಿ ತೆಗೆದು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಯಸ್ಕಾಂತವನ್ನು ತಿರುಗಿಸಿದಾಗ ತಾವೂ ತಿರುಗುವ ಚುಕ್ಕೆಗಳು ಕಂಡರೆ ಅವೇ ಈ ಜೀವಿಗಳು.

ನಮ್ಮ ಸಂಘದ ಶಾಲೆಗಳಿಗೆ ಇದರಲ್ಲಿ ವಿಶೇಷವಾದ ಅನುಕೂಲವೊಂದಿದೆ. ಕಾಂತ ಸಮಭಾಜಕ ರೇಖೆಯು ಕೇರಳದ ತಿರುವನಂತಪುರದ ಬಳಿಯ ತುಂಬಾದ ಹತ್ತಿರ ಹಾಯುತ್ತಿದ್ದುದರಿಂದಲೇ ೧೯೬೩ರಲ್ಲಿ ಅಲ್ಲಿಂದ ರಾಕೆಟ್ ಹಾರಿಸಲು ಆ ಊರನ್ನು ಆರಿಸಿದರು. ಆ ರೇಖೆಯ ಬಳಿ ಭೂಕಾಂತಕ್ಕೆ ಓರೆಯೇ ಇಲ್ಲ. ಬ್ರೆಜಿಲಿನಲ್ಲಿ ಅಂಥ ತಾಣದಲ್ಲಿ ಉತ್ತರಕ್ಕೆ ಈಜುವವೂ ದಕ್ಷಿಣಕ್ಕೆ ಈಜುವವೂ ಎರಡೂ ಸಿಕ್ಕಿದ್ದವು. ತಾಳವಾಡಿಯಿಂದ ಕಾಸರಗೋಡು, ಮಡಕಶಿರ, ಆದವಾನಿಗಳ ಮೂಲಕ ಸೊಲ್ಲಾಪುರದವರೆಗೆ ಉತ್ತರಕ್ಕೆ ಹೋದಂತೆ ಆ ಓರೆ ಕ್ರಮವಾಗಿ ಹೆಚ್ಚುತ್ತದೆ. ಕಾಸರಗೋಡಿನ ಕೆರೆಯಲ್ಲಿ ಎರಡು 
ದಿಕ್ಕಿನವೂ ಎಷ್ಟೆಷ್ಟು, ಸೊಲ್ಲಾಪುರದ ಕೆರೆಯಲ್ಲಿ ಎಷ್ಟೆಷ್ಟು? ಭರಣಿಯ ಎರಡು ಬದಿಗೆ ಎರಡು ಧ್ರುವಗಳನ್ನಿಟ್ಟು ಎಣಿಸಿದರೆ ಉತ್ತರ ಸಿಗುವುದು. ಒಂದು ವರ್ಷ ಒಂದೇ ಕ್ರಮದಲ್ಲಿ ಎಣಿಸಿ, ದಿನಾಂಕ ಮತ್ತು ಸ್ಥಳದೊಡನೆ ಬರೆದಿಟ್ಟರೆ, ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿಯನ್ನು ಕನ್ನಡದಲ್ಲಿಯೇ ಅಚ್ಚುಮಾಡಬಹುದು.